ಹಳೆಯ ಎಲುಬು ನಾಲಿಗೆಗೆ ಯಾಕೆ ಅಂಟುತ್ತದೆ?

ಆಗ ಜಗತ್ತು ಇನ್ನೂ ಹೊಸದು. ಎಷ್ಟು ಹೊಸದು ಎಂದರೆ, ಬೆಟ್ಟಗಳು ಕೂಡ ಪೂರ್ತಿ ಒಣಗಿರಲಿಲ್ಲ. ಯಾರಾದರೂ ಒರಗಿ ಕೂತರೆ ಬೆನ್ನಿನ ಗುರುತು ಮೂಡುತ್ತಿತ್ತು. ಹೊಳೆಗೆ ತನ್ನ ದಾರಿ ಯಾವುದೆಂದು ಗೊತ್ತಿರಲಿಲ್ಲ. ಇವತ್ತು ಗುಡ್ಡದ ಈ ಕಡೆ ಹರಿದರೆ ನಾಳೆ ಆ ಕಡೆ ಹರಿದು, "ಮೊದಲಿನ ದಾರೀನೇ ಚಲೋ ಇತ್ತು" ಎಂದು ವಾಪಸ್ಸು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಹುಲ್ಲು ಕೂಡ ಮಾತಾಡುತ್ತಿತ್ತು. ಎಲ್ಲರೂ ಮಾತಾಡುವವರೇ, ಕೇಳುವವರು ಮಾತ್ರ ಕಡಿಮೆ. ಅದೊಂದು ಈಗಲೂ ಹಾಗೇ ಇದೆ, ಬಿಡಿ.

ಆ ಕಾಲದಲ್ಲಿ ಒಂದು ದಿನ ಭೂಮಿತಾಯಿ ಮೊರದ ತುಂಬ ಗೊರಸು ಇಟ್ಟುಕೊಂಡು ಹಂಚಲು ಕೂತಳು.

ಮೊದಲು ಕುದುರೆ ಓಡಿ ಬಂತು. ಅದಕ್ಕೆ ನಿಂತಲ್ಲಿ ನಿಲ್ಲಲು ಬರುತ್ತಿರಲಿಲ್ಲ. "ಕಾಲಿಗೆ ಒಂದು ಸಾಕವ್ವ, ನನಗ ಭಾಳ ಅವಸರ ಐತಿ" ಎಂದು ಕಾಲಿಗೆ ಒಂದೊಂದು ತೆಗೆದುಕೊಂಡು ಓಡಿಯೇ ಹೋಯಿತು. ದನ ನಿಧಾನಕ್ಕೆ ಬಂದು, ಮೆಲುಕು ಹಾಕುತ್ತಾ ಯೋಚಿಸಿ, ಕಾಲಿಗೆ ಎರಡೆರಡು ತೆಗೆದುಕೊಂಡಿತು. ನೀರಾನೆ, "ನಾ ಭಾರ ಅದೀನಿ, ನನಗ ನಾಕು ಬೇಕು" ಎಂದು ಕಾಲಿಗೆ ನಾಲ್ಕು ಕೇಳಿ ಪಡೆಯಿತು.

ಎಲ್ಲರಿಗಿಂತ ಕೊನೆಗೆ ಇನ್ನೊಂದು ಪ್ರಾಣಿ ಬಂತು. ಅವಳ ಕತ್ತು ಉದ್ದ, ಬಾಲ ಗಿಡ್ಡ, ಮೂಗು ಮಾತ್ರ ಒಂದು ಪುಟ್ಟ ಚೀಲದ ಹಾಗೆ ಜೋತುಬಿದ್ದಿತ್ತು. ಅವಳು ಬಂದವಳೇ ಮೊರದ ಅಂಚನ್ನು ನೆಕ್ಕತೊಡಗಿದಳು.

"ಎಷ್ಟು ಬೇಕವ್ವ ನಿನಗ?" ಭೂಮಿತಾಯಿ ಕೇಳಿದಳು.

"ಉಳಿದಷ್ಟು ಕೊಡು" ಎಂದಳು ಅವಳು, ನೆಕ್ಕುವುದನ್ನು ನಿಲ್ಲಿಸದೆ. "ಈ ಮೊರ ಉಪ್ಪುಪ್ಪಾಗಿ ಭಾಳ ರುಚಿ ಐತಿ."

ಉಳಿದದ್ದು ಕಾಲಿಗೆ ಮೂರರಂತೆ ಸರಿಹೋಯಿತು. ಹೀಗೆ ಅವಳಿಗೂ ಅವಳ ಬಳಗಕ್ಕೂ ಕಾಲಿಗೆ ಮೂರು ಗೊರಸಾದವು. ಅವಳಿಗೆ ಆ ಹೊತ್ತಿಗೇ ನೆಕ್ಕವ್ವ ಎಂಬ ಹೆಸರೂ ಆಗಿಹೋಯಿತು.

ಹೆಸರು ತಪ್ಪೇನಲ್ಲ. ನೆಕ್ಕವ್ವ ಎಲ್ಲವನ್ನೂ ನೆಕ್ಕುತ್ತಿದ್ದಳು. ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲಿನ ಇಬ್ಬನಿ ನೆಕ್ಕುವಳು, ಬಿಸಿಲೇರಿದರೆ ಉಪ್ಪುಬಂಡೆ ನೆಕ್ಕುವಳು, ಮಳೆ ಬಂದರೆ ಮಳೆಯನ್ನೇ ನೆಕ್ಕುವಳು. ಅವಳಿಗೊಬ್ಬ ಮಗ ಹುಟ್ಟಿದ, ಗುಂಡ್ಯಾ. ಅವನನ್ನಂತೂ ಕಿವಿಯಿಂದ ಬಾಲದ ತುದಿಯವರೆಗೆ, ಬಾಲದ ತುದಿಯಿಂದ ಕಿವಿಯವರೆಗೆ ನೆಕ್ಕುತ್ತಲೇ ಇರುವಳು.

"ಯವ್ವಾ, ಸಾಕು ಬಿಡು" ಎನ್ನುವನು ಗುಂಡ್ಯಾ. "ನನ್ನ ಬಣ್ಣನೇ ಹೋಗ್ತೈತಿ."

"ಸುಮ್ಮ್ ನಿಂದರು" ಎನ್ನುವಳು ನೆಕ್ಕವ್ವ.

ಕುದುರೆ ದೂರದಿಂದ ನೋಡಿ ನಗುತ್ತಿತ್ತು. ನಗುವವರು ನಗಲಿ. ನೆಕ್ಕವ್ವನಿಗೆ ಹತ್ತಿರದ್ದು ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಬಳಗದ ಮರಿಗಳೆಲ್ಲ ಒಂದೇ ಎತ್ತರ, ಒಂದೇ ಕಂದು ಬಣ್ಣ. ಎಲ್ಲವಕ್ಕೂ ಚೀಲದ ಮೂಗು. ಯಾರ ಮರಿ ಯಾವುದೆಂದು ನೋಡಿ ಹೇಳಲು ಅವಳಿಂದ ಆಗುತ್ತಿರಲಿಲ್ಲ. ಆದರೆ ಒಮ್ಮೆ ನಾಲಿಗೆ ಆಡಿಸಿದಳೆಂದರೆ, "ಇಂವಾ ನನ್ನಾಂವ" ಎಂದು ತಟ್ಟನೆ ಹೇಳುತ್ತಿದ್ದಳು. ಅವಳನ್ನು ಅವಳ ಅವ್ವ ಹಾಗೇ ಗುರುತು ಹಿಡಿದಿದ್ದಳು. ಆ ಅವ್ವನನ್ನು ಅವಳ ಅವ್ವ. ಮೂರು ಗೊರಸಿನವರ ಮನೆತನದಲ್ಲಿ ನಂಟು ಎಂದರೆ ಅದೇ ಆಗಿತ್ತು.

ಹೀಗೆ ದಿನ ಹೋಗುತ್ತಿದ್ದವು. ಆದರೆ ಹೊಳೆ ದಾರಿ ಬದಲಿಸುತ್ತಾ ಬದಲಿಸುತ್ತಾ, ಅದರ ದಂಡೆಯ ಎಳೆ ಹುಲ್ಲು ಕಡಿಮೆಯಾಗುತ್ತಾ ಬಂತು. ಮೂರು ಗೊರಸಿನವರಿಗೆ ಬೇರೆ ಮೇವು ಒಗ್ಗುತ್ತಿರಲಿಲ್ಲ. ಮರಿಗಳು ಕಡಿಮೆ ಹುಟ್ಟಿದವು. ಬಳಗ ಸಣ್ಣದಾಯಿತು.

ಒಂದು ದಿನ ನೆಕ್ಕವ್ವ ಕುದುರೆಯನ್ನು ಕೇಳಿದಳು. "ಅಲ್ಲೋ, ಆ ಗುಡ್ಡದ ಮ್ಯಾಗ ದೊಡ್ಡ ಕೋಡಿನವ್ರು ಮೇಯ್ತಿದ್ರಲ್ಲ, ಈಗ ಕಾಣವಲ್ಲರಲ್ಲ?"

"ಯಾವ ದೊಡ್ಡ ಕೋಡಿನವ್ರು?" ಎಂದಿತು ಕುದುರೆ. "ಅಂಥವ್ರು ಇದ್ರೇನು?"

ನೆಕ್ಕವ್ವ ತಲೆ ಎತ್ತಿ ಕುದುರೆಯನ್ನು ನೋಡಿದಳು. ಇದೇ ಕುದುರೆ ಆ ದೊಡ್ಡ ಕೋಡಿನವರ ಜೊತೆ ಓಟಕ್ಕೆ ಬಿದ್ದು, ಸೋತು, ಮುಖ ಊದಿಸಿಕೊಂಡು ಬಂದದ್ದನ್ನು ಅವಳೇ ನೋಡಿದ್ದಳು. ಅವರು ಇಲ್ಲವಾದದ್ದು ಒಂದು ದುಃಖ. ಅವರು ಇದ್ದರೆಂಬುದೇ ಇಲ್ಲವಾದದ್ದು ಅದಕ್ಕಿಂತ ದೊಡ್ಡ ದುಃಖ. ಸಾಯುವುದಕ್ಕೆ ನೆಕ್ಕವ್ವ ಹೆದರಿದವಳಲ್ಲ. ಆದರೆ ಮುಂದೊಂದು ದಿನ ಯಾರಾದರೂ, "ಮೂರು ಗೊರಸಿನವ್ರಾ? ಅಂಥವ್ರು ಇದ್ರೇನು?" ಎಂದು ಕೇಳಿದರೆ? ಅವಳ ಗುಂಡ್ಯಾ ಇದ್ದನೇನು ಎಂದು ಕೇಳಿದರೆ? ಅದನ್ನು ನೆನೆಸಿಕೊಂಡರೆ ಅವಳಿಗೆ ಮೇವು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳು ಗಾಳಿಯ ಹತ್ತಿರ ಹೋದಳು. "ಗಾಳಿಯಪ್ಪಾ, ನಮ್ಮ ನೆನಪು ನಿನ್ನ ಹತ್ರ ಇಟಗೋತೀಯೇನು?"

"ಇಟಗೊಳ್ಳೂದು ನನಗ ಬರೂದಿಲ್ಲವ್ವ, ಒಯ್ಯೂದಷ್ಟೇ" ಎಂದಿತು ಗಾಳಿ. "ಆದರೂ ಹೇಳು, ಪ್ರಯತ್ನ ಮಾಡ್ತೀನಿ."

ನೆಕ್ಕವ್ವ ಎಲ್ಲ ಹೇಳಿದಳು. ತನ್ನ ಹೆಸರು, ಮಗನ ಹೆಸರು, ಮೂರು ಗೊರಸು, ಚೀಲದ ಮೂಗು. ಗಾಳಿ ಗಿಡವೊಂದನ್ನು ಸುತ್ತುಹಾಕಿ ಬಂದು ಅವಳ ಮುಂದೆ ನಿಂತು ಕೇಳಿತು, "ಯಾರವ್ವ ನೀನು? ಏನಾಗಬೇಕಿತ್ತು?"

ನೆಕ್ಕವ್ವ ನಿಟ್ಟುಸಿರು ಬಿಟ್ಟು ಹೊಳೆಯ ಹತ್ತಿರ ಹೋದಳು.

"ನನ್ನ ದಾರೀನೇ ನನಗ ನೆನಪಿರೂದಿಲ್ಲ, ನಿನ್ನ ಸುದ್ದಿ ಎಲ್ಲಿಂದ ಇಟಗೋಲಿ?" ಎಂದಿತು ಹೊಳೆ. "ಆದರ ಒಂದು ಮಾತು ಹೇಳ್ತೀನಿ. ಆ ತಿರುವು ಐತಲ್ಲ, ಅಲ್ಲಿಗೆ ಬರೂತನಾ ನನಗ ದಣಿವಾಗಿರ್ತೈತಿ. ಹೊತ್ತದ್ದನ್ನೆಲ್ಲ ಅಲ್ಲೇ ಇಳಸ್ತೀನಿ. ಅಲ್ಲಿ ಕೆಸರಜ್ಜ ಅದಾನ. ಅಂವಾ ಏನರ ಹಿಡದಾ ಅಂದ್ರ ಬಿಡೂದಿಲ್ಲ. ಅವನ್ನ ಕೇಳು."

ಕೆಸರಜ್ಜನ ಹತ್ತಿರ ಯಾರೂ ಬೇಕೆಂದು ಹೋಗುತ್ತಿರಲಿಲ್ಲ. ಕಾಲಿಗೆ ತಾಗಿದರೆ, "ಥೂ" ಎಂದು ಕಾಲು ಕೊಡವಿ, ಹುಲ್ಲಿಗೆ ಒರೆಸಿ, ನೀರಿನಲ್ಲಿ ತೊಳೆದು ಹೋಗುತ್ತಿದ್ದರು. ಎಮ್ಮೆಯೊಂದು ಮಾತ್ರ ಬಂದು ಮಲಗುತ್ತಿತ್ತು. ಆದರೆ ಎಮ್ಮೆ ಬರುವುದು ನಿದ್ದೆಗೆ, ಮಾತಿಗಲ್ಲ. ಹೀಗಾಗಿ ಕೆಸರಜ್ಜ ಬಹಳ ಕಾಲದಿಂದ ಒಬ್ಬನೇ ಇದ್ದ, ಮಾತು ನಿಧಾನವಾಗಿಹೋಗಿತ್ತು.

ನೆಕ್ಕವ್ವ ಗುಂಡ್ಯಾನನ್ನು ಕರೆದುಕೊಂಡು ತಿರುವಿಗೆ ಹೋದಳು. "ದಂಡೀಮ್ಯಾಗೇ ನಿಂದರು, ಕೆಳಗ ಇಳೀಬ್ಯಾಡ" ಎಂದು ಮಗನಿಗೆ ಹೇಳಿದಳು. ಬೇಡ ಎಂದದ್ದನ್ನು ಮಾಡದ ಮರಿ ಜಗತ್ತು ಹೊಸದಾಗಿದ್ದಾಗಲೂ ಇರಲಿಲ್ಲ. ಅವಳಿನ್ನೂ "ಕೆಸರಜ್ಜಾ" ಎಂದು ಬಾಯಿ ತೆರೆಯುವಷ್ಟರಲ್ಲಿ ಗುಂಡ್ಯಾ ಜಿಗಿದೇಬಿಟ್ಟ. ಹೊಟ್ಟೆಯವರೆಗೆ ಹುಗಿದ.

"ಯವ್ವಾ!" ಎಂದು ಕೂಗಿಕೊಂಡ.

ಕೂಗು ಕೇಳಿ ಕುದುರೆ ಓಡಿಬಂತು. "ಎಳಿ, ಎಳಿ! ಜೋರಲೇ ಎಳಿ!" ಎಂದು ದಂಡೆಯ ಮೇಲೆ ನಿಂತು ಬುದ್ಧಿ ಹೇಳಿತು. ನೆಕ್ಕವ್ವ ಮಗನ ಕತ್ತಿನ ಕೂದಲು ಕಚ್ಚಿ ಎಳೆದಳು. ಎಳೆದಷ್ಟೂ ಗುಂಡ್ಯಾ ಆಳಕ್ಕೆ ಇಳಿದ. ಕೆಸರು ಅವನ ಬೆನ್ನಿಗೆ ಬಂತು.

"ಎಳೀಬ್ಯಾಡವ್ವ" ಎಂದ ಕೆಸರಜ್ಜ ನಿಧಾನವಾಗಿ. "ಎಳದಷ್ಟು ನನಗ ಇನ್ನೂ ಬಿಗಿ ಹಿಡೀಬೇಕನಸ್ತೈತಿ."

"ಹಂಗಾರ ಬಿಡು ನನ್ನ ಮಗನ್ನ!"

"ಬಿಡೂದು ನನಗ ಗೊತ್ತಿಲ್ಲ. ಹಿಡಿಯೂದೊಂದೇ ಗೊತ್ತು. ಬಿಡೂದು ಹೆಂಗಂತ ಯಾರೂ ಹೇಳಿಕೊಟ್ಟಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹಿಡಿದದ್ದನ್ನು ಬಿಡದವನನ್ನು ಹುಡುಕಿಕೊಂಡು ನೆಕ್ಕವ್ವ ತಾನೇ ಬಂದಿದ್ದಳು. ಈಗ ಅವನು ಅವಳ ಮಗನನ್ನೇ ಹಿಡಿದಿದ್ದ. ಅಳು ಬಂತು. ಆದರೆ ಅಳುತ್ತಾ ನಿಂತರೆ ಮಗ ಉಳಿಯುವುದಿಲ್ಲವಲ್ಲ. ಅವಳು ಹೊಟ್ಟೆಯ ಮೇಲೆ ಮಲಗಿ, ಉದ್ದ ಕತ್ತು ಚಾಚಿ, ತನಗೆ ಗೊತ್ತಿದ್ದ ಒಂದೇ ಕೆಲಸ ಶುರುಮಾಡಿದಳು. ಮಗನನ್ನು ನೆಕ್ಕತೊಡಗಿದಳು.

ಕಿವಿಯ ಮೇಲಿನ ಕೆಸರು ನೆಕ್ಕಿದಳು. ಕತ್ತಿನ ಮೇಲಿನದು ನೆಕ್ಕಿದಳು. ಬೆನ್ನಿನ ಮೇಲಿನದು ನೆಕ್ಕಿದಳು.

"ಏನ್ ಮಾಡಾಕತ್ತೀ?" ಕೆಸರಜ್ಜ ಕೇಳಿದ.

"ನನ್ನ ಮಗನ್ನ ನೆಕ್ಕಾಕತ್ತೀನಿ."

"ಅದು ನಿನ್ನ ಮಗ ಅಲ್ಲ, ನಾನು."

"ನೀನೇ ಆಗು" ಎಂದಳು ನೆಕ್ಕವ್ವ. "ನನ್ನ ಮಗನ ಮೈಮ್ಯಾಲೆ ಇದ್ದೀ ಅಂದಮ್ಯಾಲೆ ನಿನ್ನೂ ನೆಕ್ಕೂದೇ."

ಹುಟ್ಟಿದಾಗಿನಿಂದ ಕೆಸರಜ್ಜ ತನ್ನನ್ನು ಕೊಡವಿದವರನ್ನು ಕಂಡಿದ್ದ, ತೊಳೆದವರನ್ನು ಕಂಡಿದ್ದ, ಬೈದವರನ್ನಂತೂ ಲೆಕ್ಕವಿಲ್ಲದಷ್ಟು ಕಂಡಿದ್ದ. ಮುದ್ದು ಮಾಡಿದವರನ್ನು ಕಂಡಿರಲಿಲ್ಲ. ನೆಕ್ಕವ್ವನ ಒರಟು ನಾಲಿಗೆ ಅವನ ಮೇಲೆ ಬೆಚ್ಚಗೆ ಓಡಾಡಿತು. ಅವನಿಗೆ ಮೊದಲು ಕಚಗುಳಿಯಾಯಿತು. ಆಮೇಲೆ ಹಿತವಾಯಿತು. ಆಮೇಲೆ, ಯಾಕೆಂದು ಅವನಿಗೇ ತಿಳಿಯಲಿಲ್ಲ, ಬಿಗಿಹಿಡಿದಿದ್ದ ಅವನ ಮೈಯೆಲ್ಲ ಸಡಿಲಾಯಿತು.

"ಹಿಂಗೇನು, ಬಿಡೂದು ಅಂದ್ರ?" ಎಂದ ಅವನು ಅಚ್ಚರಿಯಿಂದ.

ಪೊಚಕ್! ಗುಂಡ್ಯಾ ಹೊರಗೆ ಬಂದು ದಂಡೆಯ ಮೇಲೆ ಬಿದ್ದ. ಬಿದ್ದವನೇ, "ಯವ್ವಾ, ಹಸಿವು" ಎಂದ. ನೆಕ್ಕವ್ವ ಅಳುತ್ತಾ, ನಗುತ್ತಾ, ಬೈಯುತ್ತಾ ಅವನನ್ನು ಮತ್ತೊಮ್ಮೆ ಪೂರ್ತಿ ನೆಕ್ಕಿದಳು. ಆ ದಿನ ಗುಂಡ್ಯಾ ಸಾಕು ಎನ್ನಲಿಲ್ಲ. ಬುದ್ಧಿ ಹೇಳಿದ್ದ ಕುದುರೆ, "ನಾ ಹೇಳಿದ್ದು ಚಲೋ ಆತು ನೋಡು" ಎಂದು ಹೇಳಿ ಹೊರಟುಹೋಯಿತು.

"ನೆಕ್ಕವ್ವಾ" ಎಂದ ಕೆಸರಜ್ಜ, "ನೀ ಏನೋ ಕೇಳಾಕ ಬಂದಿದ್ದಿ. ಕೇಳು."

ನೆಕ್ಕವ್ವ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ಕೆಸರಜ್ಜ ಬಹಳ ಹೊತ್ತು ಯೋಚಿಸಿದ. ಅವನು ಬೇಗ ಯೋಚಿಸುವವನಲ್ಲ.

"ನಿಮ್ಮನ್ನ ಇಟಗೋತೀನಿ" ಎಂದ ಕೊನೆಗೆ. "ನಿಮ್ಮ ಕಾಲ ಮುಗದಾಗ ನನ್ನ ಹತ್ರ ಬಂದು ಮಲಗ್ರಿ. ಒಂದು ಕಣ ಎಲುಬು ತಗದು ಒಂದು ಕಣ ಕಲ್ಲು ಇಡ್ತೀನಿ. ಮತ್ತೊಂದು ಕಣ ತಗದು ಮತ್ತೊಂದು ಇಡ್ತೀನಿ. ನನಗ ಅವಸರ ಇಲ್ಲ. ಆದರ ಒಂದು ಮಾತು, ಮೆತ್ತಗಿರೂದು ಯಾವುದೂ ನನ್ನ ಕೈಯಾಗ ಉಳಿಯೂದಿಲ್ಲ. ಎಲುಬು, ಹಲ್ಲು, ಕಾಲ್ಬೆರಳು ಉಳೀತಾವ. ನಿನ್ನ ಮೈಬಣ್ಣ ಹೋಗ್ತೈತಿ, ದನಿ ಹೋಗ್ತೈತಿ, ಆ ಮೂಗೂ ಹೋಗ್ತೈತಿ."

"ಮೂಗು ಹೋದ್ರ ಹೋಗ್ಲಿ" ಎಂದಳು ನೆಕ್ಕವ್ವ. "ನಾಲಗಿ?"

"ನಾಲಗಿ ಎಲ್ಲಾಕಿಂತ ಮೊದಲು ಹೋಗ್ತೈತಿ."

ನೆಕ್ಕವ್ವನಿಗೆ ಬಹಳ ಬೇಸರವಾಯಿತು. ನಾಲಿಗೆಯಿಲ್ಲದೆ ಅವಳನ್ನು ಯಾರು ಗುರುತು ಹಿಡಿಯಬೇಕು, ಅವಳು ಯಾರನ್ನು ಗುರುತು ಹಿಡಿಯಬೇಕು? ಅವಳು ಗುಂಡ್ಯಾನ ಪಕ್ಕದಲ್ಲಿ ಕೂತು ಯೋಚಿಸಿದಳು. ಎದುರಿಗೆ ಒಂದು ಹಳೆಯ ಎಲುಬು ಬಿದ್ದಿತ್ತು. ಅಭ್ಯಾಸಬಲ, ಅದನ್ನೂ ಒಮ್ಮೆ ನೆಕ್ಕಿದಳು. ಎಲುಬಿನ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತುಗಳಿದ್ದವು, ಅವು ಅವಳ ಒದ್ದೆ ನಾಲಿಗೆಯನ್ನು ಹೀರಿ ಹಿಡಿದುಕೊಂಡವು. ಅವಳಿಗೆ ಥಟ್ಟನೆ ಹೊಳೆಯಿತು.

"ಅಜ್ಜಾ, ಕಲ್ಲು ತುಂಬೂಮುಂದ ಈ ಸಣ್ಣ ತೂತು ಅದಾವಲ್ಲ, ಇವನ್ನ ಹಂಗೇ ಬಿಡು. ಮುಂದ ಯಾರರ ಬಂದು ನನಗ ನಾಲಗಿ ಮುಟ್ಟಿಸಿದ್ರ, ಇದರಿಂದ ಅವರ ನಾಲಗೀನ ನಾ ಹಿಡಕೋತೀನಿ. ಒಂದು ಗಳಿಗಿ ಸಾಕು. ಇಲ್ಲಿ ಯಾರೋ ಇದ್ರು ಅಂತ ಅವರಿಗೆ ತಿಳೀತೈತಿ."

ಕೆಸರಜ್ಜ ಗುಳುಗುಳು ಎಂದು ನಕ್ಕ. "ಎಲುಬು ಯಾರು ನೆಕ್ತಾರವ್ವ?"

"ನನ್ನಂಥಾಕಿ ಒಬ್ಬಾಕಿ ಹುಟ್ಟೇ ಹುಟ್ಟತಾಳ" ಎಂದಳು ನೆಕ್ಕವ್ವ. "ಮತ್ತ ನೀ ಇವತ್ತು ಬಿಡೂದು ಕಲತೀಯಲ್ಲ, ಅದನ್ನ ಮರೀಬ್ಯಾಡ. ಹಿಡಕೊಂಡೇ ಕುಂತ್ರ ನಮ್ಮನ್ನ ಯಾರು ನೋಡಬೇಕು?"

"ಮರಿಯೂದಿಲ್ಲ. ಆದರ ಎಲ್ಲಾ ಎಲುಬಿನಾಗೂ ತೂತು ಬಿಡ್ತೀನಂತ ಮಾತು ಕೊಡಾಕ ಬರೂದಿಲ್ಲ. ವಯಸ್ಸಾಗೈತಿ. ಕೆಲವನ್ನ ಮರೆತು ಪೂರ್ತಿ ತುಂಬಿದ್ರೂ ತುಂಬೇನು."

"ನಡೀತೈತಿ" ಎಂದಳು ನೆಕ್ಕವ್ವ. ಆ ಸಂಜೆ ಅವಳು ಹೊಟ್ಟೆ ತುಂಬ ಮೇದಳು.

ಗುಂಡ್ಯಾ ದೊಡ್ಡವನಾದ. ಅವನಿಗೂ ಮರಿಗಳಾದವು, ನೆಕ್ಕವ್ವ ಅವನ್ನೂ ಬಿಡದೆ ನೆಕ್ಕಿದಳು. ತೀರ ಮುದುಕಿಯಾದ ಮೇಲೆ ಒಂದು ದಿನ ಹೊಳೆಯ ತಿರುವಿಗೆ ತಾನೇ ನಡೆದುಹೋಗಿ, ಕಾಲು ಮಡಚಿ ಮಲಗಿದಳು. "ಬಂದೆನಪ್ಪಾ" ಎಂದಳು. "ಬಾ" ಎಂದ ಕೆಸರಜ್ಜ, ಹೊದಿಕೆ ಹೊದಿಸಿದ ಹಾಗೆ ಅವಳನ್ನು ಮುಚ್ಚಿದ. ಅವಳ ಹಿಂದೆ ಅವಳ ಬಳಗದ ಉಳಿದವರೂ ತಮ್ಮ ತಮ್ಮ ಕಾಲಕ್ಕೆ ಬಂದು ಮಲಗಿದರು. ಆಮೇಲೆ ನೆಲದ ಮೇಲೆ ಆ ಬಳಗದವರು ಯಾರೂ ಉಳಿಯಲಿಲ್ಲ. ಕುದುರೆ ಅವರನ್ನು ಮರೆತೇಬಿಟ್ಟಿತು. ಕೆಸರಜ್ಜ ಮಾತ್ರ ಒಂದು ಕಣ ತೆಗೆದು ಒಂದು ಕಣ ಇಡುತ್ತಾ ಕೂತ. ಬೆಟ್ಟಗಳು ಒಣಗಿದವು. ಹೊಳೆ ಒಂದು ದಾರಿ ಹಿಡಿಯಿತು. ಕೆಸರಜ್ಜನೂ ಒಣಗಿ ಎತ್ತರದ ದಂಡೆಯಾದ. ಹೊಸದಾಗಿದ್ದ ಜಗತ್ತು ಹಳೆಯದಾಯಿತು.

ಮೊನ್ನೆ ಮೊನ್ನೆ, ದೊಡ್ಡ ಮಳೆ ಬಂದುಹೋದ ಮೇಲೆ, ಆ ದಂಡೆಯ ಒಂದು ಮಗ್ಗುಲು ತಾನಾಗಿ ಜಾರಿತು. ಕೆಸರಜ್ಜ ಕೊಟ್ಟ ಮಾತು ಮರೆತಿರಲಿಲ್ಲ.

ಅಲ್ಲಿಗೆ ಇಂದುಮತಿ ಎಂಬಾಕೆ ಬಂದಳು. ಹಿಂದಿನ ಕಾಲದ ಪ್ರಾಣಿಗಳ ಎಲುಬು ಹುಡುಕಿ, ಅವು ಯಾರವೆಂದು ತಿಳಿಯುವುದೇ ಅವಳ ಕೆಲಸ. ಜೊತೆಗೆ ಶಾಲೆಗೆ ರಜೆಯಿದ್ದ ಮಗಳು ಕಸ್ತೂರಿ ಬಂದಿದ್ದಳು. ದಂಡೆಯ ಕೆಳಗೆ ಕಂದು ಬಣ್ಣದ ಚೂರುಗಳು ರಾಶಿ ಬಿದ್ದಿದ್ದವು. ಕಲ್ಲೂ ಅದೇ ಬಣ್ಣ, ಎಲುಬೂ ಅದೇ ಬಣ್ಣ. ಇಂದುಮತಿ ಒಂದು ಚೂರನ್ನು ಎತ್ತಿ, ಬ್ರಷ್ಷಿನಿಂದ ಮಣ್ಣು ಉಜ್ಜಿ, ನಾಲಿಗೆಯ ತುದಿಗೆ ಮುಟ್ಟಿಸಿದಳು. ಎಸೆದಳು. ಇನ್ನೊಂದನ್ನು ಎತ್ತಿ ಮುಟ್ಟಿಸಿದಳು.

"ಛೀ ಅಮ್ಮಾ! ನನಗ ಮಣ್ಣು ತಿನಬ್ಯಾಡ ಅಂತ ಬೈತೀ, ನೀ ನೋಡಿದ್ರ ಕಲ್ಲು ನೆಕ್ಕತೀ!"

"ಕಲ್ಲಾದ್ರ ಜಾರತೈತಿ, ಎಲುಬಾದ್ರ ನಾಲಗಿ ಹಿಡೀತೈತಿ" ಎಂದಳು ಇಂದುಮತಿ. "ನಮ್ಮ ಕೆಲಸದಾಗ ಎಲ್ಲಾರೂ ಹಿಂಗೇ ನೋಡ್ತಾರ. ಹೋದ ವರ್ಷ ಒಂದು ಚೂರು ಗಟ್ಟಿ ಹಿಡಕೊಂತು. ಭಾಳ ಖುಷಿಯಾಗಿ, ಹತ್ತಿಯೊಳಗ ಸುತ್ತಿ, ಪೆಟ್ಟಿಗ್ಯಾಗಿಟ್ಟು ನಮ್ಮ ಆಫೀಸಿನ ನದಾಫ ಸರ್ ಅವರಿಗೆ ಕಳಸಿದ್ದೆ. ಯಾರದೋ ಮನಿ ಮುರುಕು ಹಂಚು ಅದು. ಹಂಚಿಗೂ ನಾಲಗಿ ಅಂಟತೈತಂತ ಆವಾಗ ಮರತಿದ್ದೆ. ನದಾಫ ಸರ್ ಇನ್ನೂ ನನ್ನ ನೋಡಿದ್ರ, 'ಹಂಚಿನ ಮ್ಯಾಡಮ್ ಬಂದ್ರು' ಅಂತಾರ."

ಕಸ್ತೂರಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಒಂದು ಉದ್ದನೆಯ ಚೂರನ್ನು ಎತ್ತಿ, ಕಣ್ಣು ಮುಚ್ಚಿ, ನಾಲಿಗೆಗೆ ಮುಟ್ಟಿಸಿದಳು. ತೆಗೆಯಲು ಹೋದರೆ ಅದು ಬಿಡಲಿಲ್ಲ. ಒಂದು ಗಳಿಗೆ ಮೆತ್ತಗೆ ಹಿಡಿದುಕೊಂಡು, ಆಮೇಲೆ ಬಿಟ್ಟಿತು.

"ಅಮ್ಮಾ! ಇದು ನನ್ನ ತಿರುಗಿ ನೆಕ್ಕತು!"

ಇಂದುಮತಿ ಓಡಿಬಂದಳು. ಇಬ್ಬರೂ ಮೊಣಕಾಲೂರಿ ಕೂತು ಮಣ್ಣು ಸರಿಸಿದರು. ಉದ್ದನೆಯ ಎಲುಬಿನ ಪಕ್ಕದಲ್ಲಿ ಕಾಲ್ಬೆರಳು ಒಂದು, ಎರಡು, ಮೂರು ಕಾಣಿಸಿದವು.

"ಕುದುರೀದಲ್ಲ" ಎಂದಳು ಇಂದುಮತಿ ಮೆಲ್ಲಗೆ. "ದನದ್ದೂ ಅಲ್ಲ. ಖಡ್ಗಮೃಗಕ್ಕ ಮೂರು ಇರ್ತಾವ, ಆದರ ಅದರ ಕಾಲು ಇಷ್ಟು ಉದ್ದ ಇಲ್ಲ. ನಮಗ ಗೊತ್ತಿರೋ ಯಾರ ಕಾಲೂ ಹಿಂಗಿಲ್ಲ. ಇಂಥಾಕಿ ಒಬ್ಬಾಕಿ ಇದ್ದಳಂತ ಇವತ್ತಿನತನಾ ಯಾರಿಗೂ ಗೊತ್ತಿರಲಿಲ್ಲ ನೋಡು." ಅವಳ ಕಣ್ಣು ತುಂಬಿದವು. ಸಂತೋಷಕ್ಕೇ.

"ಇಕಿ ಹೆಸರೇನಮ್ಮಾ?"

"ಹೆಸರು ಇನ್ನ ಇಡಬೇಕು."

ಕಸ್ತೂರಿ ಹೆಚ್ಚು ಯೋಚಿಸಲಿಲ್ಲ. "ನನ್ನ ನೆಕ್ಕೇತಲ್ಲ. ನೆಕ್ಕವ್ವ ಅಂತ ಇಡೂಣು."

ಗಾಳಿ ಹಾದುಹೋಗುತ್ತಿತ್ತು, ಅದಕ್ಕೆ ಏನೂ ನೆನಪಾಗಲಿಲ್ಲ. ದಂಡೆಯಿಂದ ಮಾತ್ರ ಇನ್ನೊಂದು ಹಿಡಿ ಮಣ್ಣು ಸಡಿಲಾಗಿ ಮೆಲ್ಲಗೆ ಕೆಳಗೆ ಜಾರಿತು.

ಅದಕ್ಕೇ ಇವತ್ತಿಗೂ, ಮಳೆ ನಿಂತ ಮೇಲೆ ಕುಸಿದ ಹೊಳೆದಂಡೆಯ ಕೆಳಗೆ ಯಾರಾದರೂ ಮೊಣಕಾಲೂರಿ ಕೂತು ಕಂದು ಚೂರೊಂದನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ನಿಮಗೆ ಕಾಣುತ್ತದೆ. ಚೂರು ಹಳೆಯ ಎಲುಬಾಗಿದ್ದರೆ, ಅದು ಆ ನಾಲಿಗೆಯನ್ನು ಒಂದು ಗಳಿಗೆ ಹಿಡಿದುಕೊಂಡು, ಗುರುತು ಹಿಡಿದು, ಆಮೇಲೆ ಬಿಡುತ್ತದೆ.